ಮೂರನೆಯ ತೂತು

ಶಿವಮೊಗ್ಗದಲ್ಲಿ ಅಜ್ಜ ಕಟ್ಟಿಸಿದ ನಮ್ಮದೊಂದು ಹೆಂಚಿನ ಮನೆಯಿದೆ. ಹಿಂಭಾಗದಲ್ಲಿ ಬಾಡಿಗೆಗೆ ಒಂದು ಸಂಸಾರ. ಕಳೆದ ಮಳೆಗಾಲದಲ್ಲಿ ಆ ಮನೆಯ ಅಕ್ಕ, ‘ಫ್ರಿಜ್ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ, ಸ್ವಲ್ಪ ನೋಡ್ತೀರಾ?’ ಎಂದರು. ‘ಚಪ್ಪಲಿ ಹಾಕ್ಕೊಂಡು ಮುಟ್ಟಿ ಅಕ್ಕಾ’ ಎಂದು ಹೇಳಿ ಮೈಸೂರಿನ ಬಸ್ಸು ಹತ್ತಿದೆ. ಅಲ್ಲಿ ನಾನು ಪಿಎಚ್.ಡಿ. ಮಾಡುತ್ತಿರುವುದು ನೈತಿಕ ಹೊಣೆಗಾರಿಕೆಯ ಬಗ್ಗೆ.

ಅಪ್ಪನ ವಾದವೂ ಸರಳವಾಗಿತ್ತು: ‘40 ವರ್ಷದಿಂದ ಏನೂ ಆಗಿಲ್ಲ.’

ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು.ಕೆ. ಕ್ಲಿಫರ್ಡ್ 1877ರ ತಮ್ಮ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕನನ್ನು ಕಲ್ಪಿಸಿಕೊಳ್ಳುತ್ತಾರೆ. ಹಡಗು ಹಳೆಯದು, ದುರಸ್ತಿಗೆ ಖರ್ಚು ಬಹಳ. ಇಷ್ಟು ಸಲ ಹೋಗಿಬಂದದ್ದು ಇನ್ನೊಂದು ಸಲ ಹೋಗಿಬರಲಾರದೇ ಎಂದು ತನ್ನನ್ನೇ ನಂಬಿಸಿಕೊಂಡು ಅವನು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗಿದರೆ ತಪ್ಪು ಅವನದೇ. ಸುರಕ್ಷಿತವಾಗಿ ದಡ ಸೇರಿದರೆ? ಆಗಲೂ ತಪ್ಪು ಅಷ್ಟೇ, ಸಿಕ್ಕಿಬೀಳಲಿಲ್ಲ ಎಂಬುದೊಂದೇ ವ್ಯತ್ಯಾಸ ಎನ್ನುತ್ತಾರೆ ಕ್ಲಿಫರ್ಡ್. ಎಷ್ಟೋ ಸಲ ಓದಿದ್ದೆ. ಆ ಮಾಲೀಕ ನಮ್ಮ ಮನೆಯಲ್ಲೇ ಇದ್ದಾನೆ ಅನ್ನಿಸಿರಲಿಲ್ಲ.

ದಸರೆಗೆ ಊರಿಗೆ ಹೋದಾಗ ಅಕ್ಕನ ಪುಟ್ಟ ಮಗಳು ನೀರಿನ ಬಾಟಲಿ ತೆಗೆಯುವ ಮೊದಲು ಅಮ್ಮನ ದೊಡ್ಡ ಚಪ್ಪಲಿಯೊಳಗೆ ಕಾಲು ತೂರಿಸುತ್ತಿದ್ದಳು. ಮರುದಿನವೇ ಎಲೆಕ್ಟ್ರಿಷಿಯನ್‌ರನ್ನು ಕರೆಸಿದೆ.

ಅವರು ಸಾಕೆಟ್ ಬಿಚ್ಚಿ ತೋರಿಸಿದರು. ಮೂರು ತೂತುಗಳಲ್ಲಿ ಮೇಲಿನ ದೊಡ್ಡದಕ್ಕೆ ಅರ್ಥಿಂಗ್ ವೈರೇ ಇರಲಿಲ್ಲ. ಫ್ರಿಜ್ಜಿನ ಮೈಗೆ ಸೋರಿದ ಕರೆಂಟು ಭೂಮಿಗೆ ಇಳಿಯುವ ದಾರಿ ಅದು. ಅದಿಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಅದಿಲ್ಲದೆಯೂ ಫ್ರಿಜ್ ಓಡುತ್ತದೆ, ದೀಪ ಉರಿಯುತ್ತದೆ. ಹಾಗಾಗಿ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ವೈರುಗಳ ರಬ್ಬರು ಬೆರಳಲ್ಲೇ ಪುಡಿಯಾಯಿತು. ಫ್ಯೂಸಿಗೆ ದಪ್ಪ ತಂತಿ ಸುತ್ತಿತ್ತು. ಪದೇಪದೇ ಹೋಗುತ್ತದೆಂದು ಅಪ್ಪನೇ ಸುತ್ತಿದ್ದು. ಏನಾದರೂ ಆದರೆ ಹೇಳಬೇಕಾದದ್ದರ ಬಾಯಿ ಮುಚ್ಚಿಸಿ, ಏನೂ ಆಗಿಲ್ಲ ಎನ್ನುತ್ತಿದ್ದೆವು.

ಹೊಸ ವೈರಿಂಗ್, ಅರ್ಥಿಂಗ್ ಗುಂಡಿ, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ, ಎಲ್ಲಕ್ಕೂ ನನ್ನ ಫೆಲೋಶಿಪ್ಪಿನ ಉಳಿತಾಯ ಮುಗಿಯಿತು. ಒಳ್ಳೆಯ ಕೆಲಸ ಮಾಡಿದೆನೆಂಬ ಸಣ್ಣ ಹೆಮ್ಮೆಯೂ ಇತ್ತು.

ಸಂಜೆ ಅಕ್ಕ ಬಾಗಿಲ ಬಳಿ ನಿಂತು ಅಳುಕುತ್ತಲೇ ಕೇಳಿದರು: ‘ಇಷ್ಟೆಲ್ಲ ಮಾಡಿಸಿದೀರಿ, ಬಾಡಿಗೆ ಜಾಸ್ತಿ ಮಾಡ್ತೀರಾ?’

ಅವರಿಗೆ ಮೊದಲೇ ಸಲ್ಲಬೇಕಿದ್ದನ್ನು ಉಪಕಾರವೆಂದುಕೊಂಡಿದ್ದು ಅವರೊಬ್ಬರೇ ಅಲ್ಲ. ‘ಇಲ್ಲ ಅಕ್ಕಾ’ ಎಂದೆ. ಹೆಮ್ಮೆ ಉಳಿದಿರಲಿಲ್ಲ.