ಕರ್ತೃವೂ ಕರಣವೂ

ಯಂತ್ರವು ಮಾಡಿದ ನಿರ್ಣಯದಿಂದ ನಿರಪರಾಧಿಯೊಬ್ಬನಿಗೆ ಅನ್ಯಾಯವಾದರೆ ಆ ಕರ್ಮದ ಕರ್ತೃವು ಯಾರು? ಗಣಕಶಾಸ್ತ್ರಜ್ಞರಿಗೆ ಮಾತ್ರ ಸಂಬಂಧಿಸಿದುದೆಂದು ತೋರುವ ಈ ಪ್ರಶ್ನೆಯು ಮೂಲತಃ ಧರ್ಮಜಿಜ್ಞಾಸೆಗೆ ಸೇರಿದುದು. ಗೀತೆಯ 18ನೆಯ ಅಧ್ಯಾಯವು ಸಕಲ ಕರ್ಮಗಳಿಗೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳನ್ನು ಎಣಿಸುವಾಗ, ಕರ್ತೃವನ್ನೂ ಕರಣವನ್ನೂ ಬೇರೆಬೇರೆಯಾಗಿಯೇ ಇರಿಸಿದೆ. ಆ ಭೇದವು ಅಳಿಸಿಹೋದಾಗ ರಾಜ್ಯಾಡಳಿತದಲ್ಲಿ ಎಂತಹ ಅನರ್ಥವು ಸಂಭವಿಸುವುದೆಂಬುದಕ್ಕೆ ಆಸ್ಟ್ರೇಲಿಯಾದ ‘ರೋಬೋಡೆಟ್’ ಪ್ರಕರಣವು ನಮ್ಮ ಕಾಲದ ಸಾಕ್ಷಿಯಾಗಿದೆ.

ಆ ದೇಶದಲ್ಲಿ ನಿರುದ್ಯೋಗಿಗಳು, ವಿದ್ಯಾರ್ಥಿಗಳು ಮೊದಲಾದವರಿಗೆ ಸರ್ಕಾರವು ಕೊಡುವ ಸಹಾಯಧನವು ಆಯಾ ಎರಡು ವಾರಗಳ ಗಳಿಕೆಯನ್ನು ಅನುಸರಿಸಿ ನಿಶ್ಚಯವಾಗುತ್ತದೆ. ಹಳೆಯ ಕಡತಗಳಲ್ಲಿ ಹೆಚ್ಚುವರಿ ಪಾವತಿಯನ್ನು ಹುಡುಕಹೊರಟ ಈ ಯೋಜನೆಯು ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ವರಮಾನವನ್ನು ತೆಗೆದುಕೊಂಡು, ಅದನ್ನು ಸಮಭಾಗಗಳಾಗಿ ಹಂಚಿ, ಪ್ರತಿ ಅವಧಿಯಲ್ಲಿಯೂ ಅಷ್ಟೇ ಸಂಪಾದನೆಯಿತ್ತೆಂದು ಭಾವಿಸಿತು. ಒಬ್ಬನು ಅರ್ಧ ವರ್ಷ ದುಡಿದು 26,000 ಡಾಲರ್ ಗಳಿಸಿದನು, ಉಳಿದರ್ಧ ಕೆಲಸವಿಲ್ಲದೆ ಸಹಾಯಧನ ಪಡೆದನು ಎಂದಿಟ್ಟುಕೊಳ್ಳೋಣ. ವರ್ಷದ 26 ಅವಧಿಗಳಿಗೆ ಹಂಚಿದರೆ ತಲಾ 1,000 ಡಾಲರ್ ಬರುತ್ತದೆ. ಕೈಯಲ್ಲಿ ಬಿಡಿಗಾಸಿಲ್ಲದ ದಿನಗಳಲ್ಲಿಯೂ ಅವನು ಸಂಪಾದಿಸುತ್ತಿದ್ದನೆಂದು ಲೆಕ್ಕವು ಸಾರುತ್ತದೆ. ಸತ್ಯವನ್ನೇ ಬರೆದುಕೊಟ್ಟಿದ್ದವನು ಸಾಲಗಾರನಾಗುತ್ತಾನೆ.

ನಮ್ಮ ನೈಯಾಯಿಕರ ಮುಂದೆ ಈ ಲೆಕ್ಕವನ್ನಿಟ್ಟಿದ್ದರೆ ಅವರು ಕ್ಷಣಮಾತ್ರದಲ್ಲಿ ತಿರಸ್ಕರಿಸುತ್ತಿದ್ದರು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಯುಕ್ತವೆನಿಸುವುದು ಅವೆರಡರ ನಡುವೆ ತಪ್ಪದ ವ್ಯಾಪ್ತಿಯಿರುವುದರಿಂದ. ವರ್ಷದ ವರಮಾನಕ್ಕೂ ಒಂದು ನಿರ್ದಿಷ್ಟ ವಾರದ ಗಳಿಕೆಗೂ ಅಂತಹ ವ್ಯಾಪ್ತಿಯಿಲ್ಲ. ಇದು ವ್ಯಭಿಚಾರಿಯಾದ ಹೇತು, ಅರ್ಥಾತ್ ಹೇತ್ವಾಭಾಸ. ಗಣಿತವು ದೋಷರಹಿತವಾಗಿದ್ದರೂ ಅನುಮಾನವು ದುಷ್ಟವಾಗಿರಬಹುದೆಂಬ ಈ ಸತ್ಯವನ್ನು ಗಣಕದ ವೇಗಕ್ಕೆ ಮರುಳಾದವರು ಮರೆಯುತ್ತಾರೆ. ಇಲ್ಲಿಯಾದರೋ ದೋಷವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಸಾಲವಿದೆಯೆಂದು ಸರ್ಕಾರವು ಸಾಧಿಸಬೇಕಾಗಿದ್ದಲ್ಲಿ, ಸಾಲವಿಲ್ಲವೆಂದು ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಹುಡುಕಿ ತಂದು ಸಾಧಿಸುವ ಭಾರವು ದುರ್ಬಲರ ಹೆಗಲೇರಿತು.

2019ರ ನವೆಂಬರಿನಲ್ಲಿ ಫೆಡರಲ್ ನ್ಯಾಯಾಲಯದ ಮುಂದೆ ಈ ಕ್ರಮವು ಕಾನೂನುಬಾಹಿರವೆಂದು ಸ್ಥಿರಪಟ್ಟಿತು. ಮರುವರ್ಷ ಸುಮಾರು 4,70,000 ಸಾಲಗಳ ಸಂಬಂಧವಾಗಿ 72.1 ಕೋಟಿ ಡಾಲರ್ ಹಿಂದಿರುಗಿಸುವುದಾಗಿ ಸರ್ಕಾರವೇ ಘೋಷಿಸಿತು. ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಆಯೋಗವು ವಿಚಾರಣೆ ನಡೆಸಿದಾಗ, ಸಾಲದ ಬೇಡಿಕೆ ಬಂದ ಮೇಲೆ ಆತ್ಮಹತ್ಯೆ ಮಾಡಿಕೊಂಡವರ ತಾಯಂದಿರು ಬಂದು ಸಾಕ್ಷ್ಯ ನುಡಿದರು. ಆಯೋಗವು 2023ರ ಜುಲೈನಲ್ಲಿ ವರದಿಯನ್ನು ಒಪ್ಪಿಸಿತು. ಇಂತಹ ಹಂಚಿಕೆಯು ಕಾನೂನಿಗೆ ಹೊಂದುವುದಿಲ್ಲವೆಂಬ ಸಲಹೆಯು 2014ರಲ್ಲಿಯೇ ಸಹಾಯಧನಕ್ಕೆ ಸಂಬಂಧಿಸಿದ ಇಲಾಖೆಯೊಳಗಿದ್ದಿತು. ಇದನ್ನು ತಿಳಿದ ಮೇಲೆ ತಪ್ಪೆಲ್ಲವೂ ಯಂತ್ರದ್ದೆಂದು ಹೇಳಲು ಯಾರಿಗೆ ಬಾಯಿ ಬಂದೀತು? ಯೋಚಿಸಿದವರೂ, ಒಪ್ಪಿದವರೂ, ತಿಳಿದು ಸುಮ್ಮನಿದ್ದವರೂ ಮನುಷ್ಯರೇ, ಯಂತ್ರವು ಕರಣಮಾತ್ರ.

ಕರ್ತೃತ್ವವನ್ನು ಕರಣಕ್ಕೆ ಆರೋಪಿಸುವುದು ಕೇವಲ ತಾತ್ತ್ವಿಕ ಭ್ರಾಂತಿಯಲ್ಲ, ಅದು ರಾಜಧರ್ಮದ ಲೋಪ. ನಾನು ಕರ್ತನಲ್ಲವೆಂಬ ಜ್ಞಾನಿಯ ಮಾತು ಅಹಂಕಾರವನ್ನು ಕರಗಿಸುವುದಕ್ಕಾಗಿ ಹುಟ್ಟಿದುದು. ಅದೇ ಮಾತನ್ನು ಅಧಿಕಾರಿಯು ಆಡಿದರೆ ನೊಂದವನಿಗೆ ಮೊರೆಯಿಡಲು ಎದುರಿನಲ್ಲಿ ಯಾರೂ ಇಲ್ಲದಂತಾಗುತ್ತದೆ. ನಮ್ಮಲ್ಲಿಯೂ ಪಡಿತರದಿಂದ ಮೊದಲ್ಗೊಂಡು ಪಿಂಚಣಿಯವರೆಗೆ ಗಣಕದ ಪ್ರವೇಶವಾಗಿರುವ ಈ ಕಾಲದಲ್ಲಿ, ಪ್ರಜೆಗಳು ಮೂರನ್ನು ಹಕ್ಕಿನಿಂದ ಕೇಳಬೇಕು: ನಿರ್ಣಯಕ್ಕೆ ಕಾರಣವನ್ನು ತಿಳಿಯುವಂತೆ ಹೇಳಬೇಕು, ಪ್ರಮಾಣದ ಭಾರವನ್ನು ಸರ್ಕಾರವೇ ಹೊರಬೇಕು, ಪ್ರತಿಯೊಂದು ಆಜ್ಞೆಯ ಕೆಳಗೂ ಉತ್ತರ ಕೊಡಬಲ್ಲ ಒಬ್ಬ ಮನುಷ್ಯನ ಹೆಸರಿರಬೇಕು. ಇವು ಇಲ್ಲದ ಕಡೆ ಯಂತ್ರವು ಎಷ್ಟು ಚತುರವಾಗಿದ್ದರೂ ಅದರ ಆಳ್ವಿಕೆಯನ್ನು ನ್ಯಾಯವೆಂದು ಒಪ್ಪಲಾಗದು.