ಲೋಕವ್ಯಾಪಾರ: ಯದೃಚ್ಛೆಯೋ, ಕುತಂತ್ರವೋ?



ದ್ವಾದಶಿಯ ಪಾರಣೆ ಮುಗಿದು ಪಂಕ್ತಿ ಎದ್ದ ಮೇಲೆ ಹಿರಿಯ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದು ಕುಳಿತರು. 2021ರ ಮಹಾಮಾರಿಯಲ್ಲಿ ಬೆಳೆದ ಮಗನನ್ನು ಕಳೆದುಕೊಂಡವರು. “ಆ ರೋಗವನ್ನು ಯಾರೋ ಗುಟ್ಟಾಗಿ ಹೂಡಿದರೆಂದು ಕೆಲವರೆನ್ನುತ್ತಾರೆ, ಕಾರಣವೇ ಇಲ್ಲ, ಸುಮ್ಮನೆ ಬಂತೆಂದು ಕೆಲವರೆನ್ನುತ್ತಾರೆ. ಆಚಾರ್ಯರೇ, ನನ್ನ ಮಗ ಯಾವುದಕ್ಕಾಗಿ ಹೋದ?” ಎಂದರು. ಆ ಕ್ಷಣ ನಮಗೆ ಮಾತು ಹೊರಡಲಿಲ್ಲ. ಅನಂತರ ವಿಚಾರಿಸಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಕುತಂತ್ರವೆಂಬುದು ಲೋಕದಲ್ಲಿ ಇಲ್ಲವೆಂದು ಹೇಳುವಂತಿಲ್ಲ. 1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡನನ್ನು ಕೊಲ್ಲಲು ತರುಣರ ಗುಂಪೊಂದು ಹೊಂಚುಹಾಕಿತ್ತು. ಅವರ ಹಿಂದೆ ಸರ್ಬಿಯಾದ ಗೂಢಚಾರ ವಿಭಾಗದ ಮುಖ್ಯಸ್ಥನಿದ್ದ. ಆದರೆ ಬೆಳಿಗ್ಗೆ ಎಸೆದ ಬಾಂಬು ರಾಜಕುಮಾರನ ವಾಹನಕ್ಕೆ ತಗಲಿ ಜಾರಿ, ಹಿಂದೆ ಬರುತ್ತಿದ್ದವರನ್ನು ಗಾಯಗೊಳಿಸಿತು. ಸಂಚು ಕೆಟ್ಟಿತು. ಗಾಯಾಳುಗಳನ್ನು ನೋಡಲು ಹೊರಟ ರಾಜಕುಮಾರನ ಮಾರ್ಗ ಬದಲಾದದ್ದನ್ನು ಸಾರಥಿಗೆ ಯಾರೂ ತಿಳಿಸಿರಲಿಲ್ಲ. ಅವನು ತಪ್ಪು ಬೀದಿಗೆ ತಿರುಗಿಸಿ ವಾಹನ ನಿಲ್ಲಿಸಿದ ಎಡೆಯಲ್ಲಿಯೇ ಹತ್ತೊಂಬತ್ತು ವರ್ಷದ ಪ್ರಿನ್ಸಿಪ್ ನಿಂತಿದ್ದ. ಎರಡು ಗುಂಡುಗಳಿಗೆ ದಂಪತಿಗಳಿಬ್ಬರೂ ಅಸುನೀಗಿದರು.

ಇದು ಕುತಂತ್ರವೋ, ಆಕಸ್ಮಿಕವೋ? ಹೂಡಿದ್ದು ಹೂಡಿದಂತೆ ಆಗಲಿಲ್ಲ; ಆದದ್ದನ್ನು ಯಾರೂ ಹೂಡಿರಲಿಲ್ಲ. ಮುಂದಿನ ಮಹಾಯುದ್ಧದಲ್ಲಿ ತೊಂಬತ್ತು ಲಕ್ಷದಷ್ಟು ಯೋಧರು ಮಡಿದರು, ನಾಲ್ಕು ಸಾಮ್ರಾಜ್ಯಗಳು ಕುಸಿದವು. ಸೂತ್ರಧಾರನೆನಿಸಿದ ಆ ಅಧಿಕಾರಿಯನ್ನು 1917ರಲ್ಲಿ ಅವನ ಸರ್ಕಾರವೇ ಗುಂಡಿಟ್ಟು ಕೊಲ್ಲಿಸಿತು. ಆ ಬೀದಿಯ ಹೆಸರನ್ನೂ ಕೇಳದ ನಮ್ಮ ಮೈಸೂರಿನ ಅಶ್ವದಳದವರು 1918ರಲ್ಲಿ ದೂರದ ಹೈಫಾದಲ್ಲಿ ಕಾದಾಡಿದರು.

ನಮಗೆ ಅರಗಿನ ಮನೆಯ ಪ್ರಸಂಗ ನೆನಪಾಗುತ್ತದೆ. ದುರ್ಯೋಧನನ ಸಂಚು ನಿಜವಾದ ಸಂಚು. ಪುರೋಚನನು ಕಟ್ಟಿಸಿದ ಮನೆಯೂ ನಿಜ. ಅದನ್ನು ಅರಿತ ವಿದುರನು ಹಸ್ತಿನಾವತಿಯ ಬೀದಿಗಳಲ್ಲಿ ಗುಲ್ಲೆಬ್ಬಿಸಲಿಲ್ಲ. ಧರ್ಮರಾಜನಿಗೆ ಗೂಢಭಾಷೆಯಲ್ಲಿ ಸೂಚಿಸಿ, ಸುರಂಗ ತೋಡುವವನನ್ನು ಕಳುಹಿಸಿದನು. (ಕೇಳಿದ ಸುದ್ದಿಯನ್ನೆಲ್ಲ ಕೂಡಲೇ ಹತ್ತು ಮನೆಗೆ ದಾಟಿಸುವ ಇಂದಿನ ನಮ್ಮವರು ಇದನ್ನು ಗಮನಿಸಬೇಕು.) ಕೊನೆಗೆ ಭೀಮಸೇನದೇವರೇ ಆ ಮನೆಗೆ ಬೆಂಕಿಯಿಟ್ಟರು; ಬೆಂದವನು ಪುರೋಚನ. ಸುಡಲೆಂದು ಹೂಡಿದ ಸಂಚೇ ಪಾಂಡವರನ್ನು ಏಕಚಕ್ರಪುರಕ್ಕೂ, ಅಲ್ಲಿಂದ ದ್ರೌಪದೀಸ್ವಯಂವರಕ್ಕೂ ಕರೆದೊಯ್ದಿತು.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರತತ್ತ್ವ ಒಂದೇ, ಅದು ಶ್ರೀಹರಿ. ಜಗತ್ತು ಒಡೆಯನಿಲ್ಲದ್ದೆಂಬ ಮಾತನ್ನು ಗೀತೆಯ ಹದಿನಾರನೆಯ ಅಧ್ಯಾಯ ಅಸುರರ ಬಾಯಲ್ಲಿಟ್ಟಿದೆ. ಆದರೆ ಜಗತ್ತೆಲ್ಲ ಯಾವುದೋ ಗುಪ್ತಕೂಟದ ಮುಷ್ಟಿಯಲ್ಲಿದೆಯೆಂದು ನಡುಗುವವನೂ ಅಸ್ವತಂತ್ರನಾದ ಜೀವನಿಗೆ ಸ್ವಾತಂತ್ರ್ಯವನ್ನು ಆರೋಪಿಸುತ್ತಾನಲ್ಲವೇ? ಮೊದಲನೆಯವನನ್ನು ನಾಸ್ತಿಕನೆಂದು ಸುಲಭವಾಗಿ ಗುರುತಿಸುತ್ತೇವೆ. ಎರಡನೆಯವನು ನಮ್ಮ ಪಂಕ್ತಿಯಲ್ಲಿಯೇ ಕುಳಿತಿರುತ್ತಾನೆ.

ಹಾಗಾದರೆ ಕೊಂದವನ ಪಾಪ ದೇವರದೇ ಎಂದರೆ, ಅಲ್ಲ. ಜೀವನ ಕರ್ತೃತ್ವ ಪರಾಧೀನವಾದರೂ ಸುಳ್ಳಲ್ಲ. ಅನಾದಿಯೋಗ್ಯತೆಯನ್ನೂ ಕರ್ಮವನ್ನೂ ಅನುಸರಿಸಿಯೇ ಭಗವಂತನು ಪ್ರೇರಿಸುವುದರಿಂದ ಅವನಲ್ಲಿ ಪಕ್ಷಪಾತವಾಗಲಿ ನಿರ್ದಯತೆಯಾಗಲಿ ಇಲ್ಲವೆಂದು ಬ್ರಹ್ಮಸೂತ್ರಗಳು ನಿರ್ಣಯಿಸಿವೆ. ಆದ್ದರಿಂದ ರೋಗದ ಮೂಲವನ್ನು ಬಲ್ಲವರು ಶೋಧಿಸಲಿ, ತಪ್ಪಿತಸ್ಥರಿದ್ದರೆ ಶಿಕ್ಷೆಯಾಗಲಿ. ಹರಿಚಿತ್ತವೆಂಬ ಮಾತು ಅದಕ್ಕೆ ಅಡ್ಡಿಯಲ್ಲ.

ಮುಂದಿನ ಪಕ್ಷದಲ್ಲಿ ಆ ಹಿರಿಯರು ಬಂದಾಗ ಇಷ್ಟನ್ನೂ ಹೇಳಿದೆವು. “ಯಾವ ಕರ್ಮಕ್ಕೆ?” ಎಂದು ಕೇಳಿದರು. ಅದನ್ನು ಬಲ್ಲವನು ಸರ್ವಜ್ಞನೊಬ್ಬನೇ. ಇಂಥದಕ್ಕೆಂದು ಬೊಟ್ಟುಮಾಡುವ ಅಧಿಕಾರ ಅಲ್ಪಜ್ಞರಾದ ನಮಗಿಲ್ಲವೆಂದೆವು. ಅವರು ಬಹಳ ಹೊತ್ತು ದೇವರ ಮುಂದಿನ ನಂದಾದೀಪವನ್ನು ನೋಡುತ್ತ ಕುಳಿತಿದ್ದರು. ಎದ್ದು ಹೊರಡುವಾಗ, ಮೊಮ್ಮಗನಿಗೆ ಎಂಟು ತುಂಬುತ್ತಿದೆ, ಉಪನಯನಕ್ಕೊಂದು ಮುಹೂರ್ತ ನೋಡಿಕೊಡಬೇಕೆಂದರು.

ಶ್ರೀಕೃಷ್ಣಾರ್ಪಣಮಸ್ತು