ಯಾರ ಮಗ್ಗುಲಲ್ಲಿ ಯಾರ ಹೆಸರು

ಮದುವೆಯೂಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರನ್ನು ಕೂರಿಸಬೇಕು ಎಂದು ಹಿರಿಯರು ತಲೆಕೆಡಿಸಿಕೊಳ್ಳುವುದುಂಟು. ಸತ್ತವರ ಪಟ್ಟಿ ಬರೆಯುವಾಗ ಯಾರೂ ಹಾಗೆ ಯೋಚಿಸುವುದಿಲ್ಲ, ಅಕಾರಾದಿಯಾಗಿ ಬರೆದು ಮುಗಿಸುತ್ತಾರೆ. ನ್ಯೂಯಾರ್ಕಿನಲ್ಲಿ ಮಾತ್ರ ಈ ಒಂದು ಪ್ರಶ್ನೆಗೆ ವರ್ಷಗಟ್ಟಲೆ ಜಗಳವಾಯಿತು.

2001ರ ಸೆಪ್ಟೆಂಬರ್ 11ರಂದು ಕುಸಿದ ಅವಳಿ ಗೋಪುರಗಳ ಬುಡವಿದ್ದಲ್ಲೇ ಈಗ ಎರಡು ಚೌಕ ಕೊಳಗಳಿವೆ. ನಾಲ್ಕೂ ಅಂಚುಗಳಿಂದ ನೀರು 30 ಅಡಿ ಧುಮುಕಿ, ನಡುವಿನ ಇನ್ನೊಂದು ಕುಳಿಗೆ ಇಳಿದು ಕಾಣೆಯಾಗುತ್ತದೆ. ಎಷ್ಟು ಬಾಗಿ ನೋಡಿದರೂ ಕುಳಿಯ ತಳ ಕಾಣದು. ಸುತ್ತಲಿನ ಕಂಚಿನ ಹಲಗೆಗಳಲ್ಲಿ 2,983 ಹೆಸರುಗಳಿವೆ. ಅಂದಿನ ದಾಳಿಯಲ್ಲಿ ಮಡಿದ 2,977 ಮಂದಿಯ ಜೊತೆಗೆ, 1993ರಲ್ಲಿ ಅಲ್ಲೇ ನಡೆದ ಬಾಂಬ್ ಸ್ಫೋಟಕ್ಕೆ ಬಲಿಯಾದ ಆರು ಮಂದಿಯೂ ಸೇರಿದ್ದಾರೆ. ಅಕ್ಷರಗಳನ್ನು ಲೋಹದ ಆಚೆ ಬದಿಯವರೆಗೂ ಕೊರೆದಿರುವುದರಿಂದ ಇರುಳಲ್ಲಿ ಒಳಗಿನ ದೀಪಕ್ಕೆ ಹೆಸರುಗಳೇ ಬೆಳಗುತ್ತವೆ.

ಈ ಸ್ಮಾರಕದ ವಿನ್ಯಾಸಕಾರ ಮೈಕೆಲ್ ಅರಾಡ್ ಮೊದಲು ಹೆಸರುಗಳನ್ನು ಯಾವ ಕ್ರಮವೂ ಇಲ್ಲದೆ ಚೆಲ್ಲಿಬಿಡಬೇಕು ಎಂದುಕೊಂಡಿದ್ದರು. ಆ ಸಾವಿಗೇ ಕ್ರಮವಿರಲಿಲ್ಲವಲ್ಲ. ಕುಟುಂಬದವರು ಒಪ್ಪಲಿಲ್ಲ. ಕೊನೆಗೆ ಅವರನ್ನೇ ಕೇಳಿದರು: ನಿಮ್ಮವರ ಹೆಸರು ಯಾರ ಪಕ್ಕ ಇರಬೇಕು? ಸಾವಿರದ ಇನ್ನೂರರಷ್ಟು ಕೋರಿಕೆಗಳು ಬಂದವು. ಒಬ್ಬಳ ತಂದೆ ವಿಮಾನದಲ್ಲಿದ್ದರು; ಅವಳ ಜೀವದ ಗೆಳತಿ ಆ ವಿಮಾನ ಅಪ್ಪಳಿಸಿದ ಗೋಪುರದಲ್ಲಿದ್ದಳು. ಈಗ ಇಬ್ಬರ ಹೆಸರೂ ಅಕ್ಕಪಕ್ಕದಲ್ಲಿವೆ. ಒಂದೇ ಹಣಕಾಸು ಸಂಸ್ಥೆಯ 658 ನೌಕರರು ಸತ್ತಿದ್ದರು. ಅವರ ಹೆಸರುಗಳೆಲ್ಲ ಒಟ್ಟಿಗಿವೆ, ಸಂಸ್ಥೆಯ ಹೆಸರು ಮಾತ್ರ ಎಲ್ಲೂ ಇಲ್ಲ. ಹುದ್ದೆ ಇಲ್ಲ, ವಯಸ್ಸಿಲ್ಲ. ದಿನವೂ ಮೇಜಿಗೆ ಮೇಜು ತಾಗಿಸಿ ಕೂತು, ಒಟ್ಟಿಗೆ ಕಾಫಿಗೆ ಎದ್ದು ಹೋಗುತ್ತಿದ್ದವರು ಇಲ್ಲೂ ಹಾಗೇ ಕೂತಂತಿದ್ದಾರೆ. ಕಾರಣ ತಿಳಿಯದ ಹೊರಗಿನವನ ಕಣ್ಣಿಗೆ ಇದೂ ಚೆಲ್ಲಾಪಿಲ್ಲಿಯೇ. ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವ ಕ್ರಮ ಅದು. ನೆನಪಿನ ರೀತಿಯೂ ಹಾಗೇ ಅಲ್ಲವೇ?

ನನಗೆ ಇದು ಮುಖ್ಯವಾಗಿ ಕಾಣುವುದಕ್ಕೆ ಕಾರಣವಿದೆ. ಭಯೋತ್ಪಾದಕನಿಗೆ ತಾನು ಕೊಲ್ಲುವವರ ಹೆಸರು ಬೇಕಾಗಿಲ್ಲ, ತಲೆ ಎಣಿಕೆ ಸಾಕು. ಸತ್ತವರನ್ನು ಹುತಾತ್ಮರೆಂದು ಕರೆಯುವ ಸರ್ಕಾರಗಳೂ ಬೇರೆ ರೀತಿಯಲ್ಲಿ ಎಣಿಸುವವರೇ. ಆದರೆ ಅಂದು ಬೆಳಿಗ್ಗೆ ಕೆಲಸಕ್ಕೆಂದು ಲಿಫ್ಟ್ ಹತ್ತಿದವರು ಯಾವುದಕ್ಕೂ ಪ್ರಾಣ ಕೊಡಲು ಹೊರಟವರಲ್ಲ. ಅವರ ಸಾವಿಗೆ ಅರ್ಥ ಹುಡುಕುವ ಬದಲು, ಬದುಕಿದ್ದಾಗ ಯಾರಿಗೆ ಯಾರು ಏನಾಗಿದ್ದರು ಎಂಬುದನ್ನಷ್ಟೇ ಈ ಕಂಚು ಹಿಡಿದಿಟ್ಟಿದೆ.

ಇದೇ ಜಾಗದಲ್ಲಿ 2014ರಲ್ಲಿ ತೆರೆದ ಮ್ಯೂಸಿಯಂ ಇರುವುದು ನೆಲದಡಿಯಲ್ಲಿ. ಇಳಿಯುವ ದಾರಿಯ ಮಗ್ಗುಲಲ್ಲೇ ಮುಕ್ಕಾದ ಒಂದು ಕಾಂಕ್ರೀಟ್ ಮೆಟ್ಟಿಲಸಾಲು ನಿಂತಿದೆ. ಅಂದು ನೂರಾರು ಜನ ಬೀದಿಗೆ ಓಡಿ ಪ್ರಾಣ ಉಳಿಸಿಕೊಂಡದ್ದು ಅದರ ಮೇಲಿಂದ. ಬದುಕುಳಿದವರ ಹೆಸರನ್ನು ಎಲ್ಲೂ ಕೊರೆದಿಲ್ಲ. ಅವರ ಪಾಲಿಗೆ ಈ ಮೆಟ್ಟಿಲು, ಮೇಲೆ ಅಂಗಳದಲ್ಲಿ ಅವಶೇಷದಿಂದ ಅರೆಜೀವವಾಗಿ ಎತ್ತಿ ಬದುಕಿಸಿದ ಒಂದು ಪೇರ್ ಮರ. ಇಷ್ಟೇ ಸಾಕೇ ಎನ್ನಿಸುತ್ತದೆ. ಅಂದು 343 ಅಗ್ನಿಶಾಮಕರು ಸತ್ತರು. ಆಮೇಲೆ ಆ ಕುಸಿತದ ಧೂಳು ಕುಡಿದು ಕಾಯಿಲೆ ಬಿದ್ದು ಸತ್ತ ಅವರ ಸಹೋದ್ಯೋಗಿಗಳ ಸಂಖ್ಯೆ ಅದನ್ನೂ ದಾಟಿದೆ. 2019ರಲ್ಲಿ ಇಂಥವರಿಗಾಗಿ ಆರು ದೊಡ್ಡ ಕಲ್ಲುಗಳನ್ನು ನಿಲ್ಲಿಸಿದರು. ಅವುಗಳ ಮೇಲೆ ಹೆಸರಿಲ್ಲ. ಮುಗಿಯದ ಪಟ್ಟಿಯನ್ನು ಕೊರೆಯುವುದಾದರೂ ಹೇಗೆ?

ಮ್ಯೂಸಿಯಂನ ತಳದಲ್ಲಿ ಒಂದು ನೀಲಿ ಗೋಡೆ. ಆ ಬೆಳಗಿನ ಆಕಾಶದ ಬಣ್ಣ ನೆನಪಿಸಿಕೊಳ್ಳಲು ಕಲಾವಿದ ಸ್ಪೆನ್ಸರ್ ಫಿಂಚ್ ಜಲವರ್ಣದಲ್ಲಿ ಬಳಿದ 2,983 ಹಾಳೆಗಳು ಅಲ್ಲಿವೆ. ಒಂದರ ನೀಲಿ ಇನ್ನೊಂದರಂತಿಲ್ಲ. ಜನ ಅದರ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಅದೇ ಗೋಡೆಯ ಹಿಂದೆ ಗುರುತು ಸಿಗದ ದೇಹದ ಚೂರುಗಳಿವೆ. ಗೋಪುರಗಳಲ್ಲಿ ಸತ್ತವರ ಪೈಕಿ ನೂರಕ್ಕೆ ನಲವತ್ತರಷ್ಟು ಮಂದಿಯದು ಒಂದು ತುಣುಕೂ ಗುರುತಾಗಿಲ್ಲ. ಗೋಡೆಯ ಹಿಂದಿನ ಆ ಜಾಗಕ್ಕೆ ಸಾರ್ವಜನಿಕರಿಗೆ ಪ್ರವೇಶವಿಲ್ಲ; ಪಕ್ಕದ ಕೋಣೆಗೆ ಮನೆಯವರು ಮಾತ್ರ ಹೋಗಬಹುದು. ಅವಶೇಷಗಳನ್ನು ಇಲ್ಲಿಗೆ ತಂದ ದಿನ ಕೆಲವು ಮನೆಯವರು ಬಾಯಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಟಿಕೆಟ್ ಕೊಟ್ಟು ನೋಡುವ ಜಾಗದೊಳಗೆ ಸಮಾಧಿ ಎಂಥದು ಎಂಬುದು ಅವರ ಸಿಟ್ಟು. ಮ್ಯೂಸಿಯಂನ ಅಂಗಡಿಯಲ್ಲಿ ಅಮೆರಿಕದ ನಕಾಶೆಯಾಕಾರದ ಚೀಸ್ ತಟ್ಟೆ ಮಾರಾಟಕ್ಕಿಟ್ಟು, ಬೈಸಿಕೊಂಡು ತೆಗೆದದ್ದೂ ಆ ದಿನಗಳಲ್ಲೇ. ನನ್ನ ಮನಸ್ಸು ಕಪ್ಪು ಬಟ್ಟೆಯವರ ಕಡೆಗೇ ವಾಲುತ್ತದೆ. ಆದರೂ ಆ ನೀಲಿಯನ್ನು ಯಾರೂ ನೋಡದಂತೆ ಮುಚ್ಚಿಡಬೇಕಿತ್ತು ಎನ್ನಲು ಬಾಯಿ ಬರುವುದಿಲ್ಲ.

ಮೇಲೆ, ಕೊಳದಂಚಿನಲ್ಲಿ, ಯಾರದಾದರೂ ಹುಟ್ಟುಹಬ್ಬವಿದ್ದ ದಿನ ಅವರ ಹೆಸರಿನ ಕೊರೆದ ಅಕ್ಷರದೊಳಗೆ ಒಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ. ಸತ್ತ ದಿನ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಹುಟ್ಟಿದ ದಿನ ಅವರವರದೇ. ನ್ಯೂಯಾರ್ಕಿನ ಬೇಸಿಗೆಯಲ್ಲಿ ಕಂಚು ಸುಡುತ್ತದೆ, ಚಳಿಗಾಲದಲ್ಲಿ ಕೊರೆಯುತ್ತದೆ. ಅದಕ್ಕೆಂದೇ ಆ ಹಲಗೆಗಳನ್ನು ಬೇಸಿಗೆಯಲ್ಲಿ ತಂಪಾಗಿ, ಚಳಿಗಾಲದಲ್ಲಿ ಬೆಚ್ಚಗೆ ಇಡುವ ಏರ್ಪಾಡು ಮಾಡಿದ್ದಾರೆ, ಬಂದವರು ಹೆಸರಿನ ಮೇಲೆ ಕೈಯಿಟ್ಟರೆ ತಕ್ಷಣ ಹಿಂದೆಗೆಯಬೇಕಾಗದಿರಲಿ ಎಂದು.